ವಿದ್ಯುತ್ ಬಂಡಿಯೂ ಗಾಳಿಯ ಲೆಕ್ಕವೂ

ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ದಾಟಿದ ಮೋಟಾರು ಬಂಡಿ ಯಾವುದೆಂದು ಕೇಳಿದರೆ ವಾಚಕರಲ್ಲಿ ಹೆಚ್ಚಿನವರು ಯಾವುದೋ ಪೆಟ್ರೋಲಿನ ಬಂಡಿಯನ್ನು ನೆನೆದಾರು. ಚರಿತ್ರೆ ಹೇಳುವುದು ಬೇರೆ. ೧೮೯೯ನೆಯ ಇಸವಿ ಏಪ್ರಿಲ್ ೨೯ರಂದು ಪ್ಯಾರಿಸಿನ ಹತ್ತಿರದ ಅಶೇರ್ ಎಂಬಲ್ಲಿ ಬೆಲ್ಜಿಯಮ್ ದೇಶದ ಕಮೀಲ್ ಜೆನಾಟ್ಸಿ ಎಂಬಾತನು ಗಂಟೆಗೆ ೧೦೫.೮೮ ಕಿಲೋಮೀಟರ್ ವೇಗದಲ್ಲಿ ಓಡಿಸಿದ ಆ ಬಂಡಿಗೆ ಪೆಟ್ರೋಲಿನ ಸೋಂಕೇ ಇರಲಿಲ್ಲ. ಬ್ಯಾಟರಿಯ ವಿದ್ಯುತ್ತಿನಿಂದ ಓಡಿದ ಬಂಡಿ ಅದು. ಅದಕ್ಕೆ ಇಟ್ಟ ಹೆಸರೂ ವಿಚಿತ್ರ: ಕನ್ನಡದಲ್ಲಿ ಹೇಳುವುದಾದರೆ ‘ಎಂದೂ ತೃಪ್ತಳಾಗದವಳು’ ಎಂದಾಗುತ್ತದೆ. ಇಂದು ವಿದ್ಯುತ್ ಬಂಡಿಯೆಂದರೆ ನಿನ್ನೆ ಮೊನ್ನೆ ಹುಟ್ಟಿದ್ದೆಂದು ತಿಳಿಯುವ ನಮಗೆ ಈ ಒಂದು ತಾರೀಖು ಸಾಕಷ್ಟು ಪಾಠ ಹೇಳುತ್ತದೆ.

ಆ ಬಂಡಿಯ ಆಕಾರದಲ್ಲಿಯೂ ಒಂದು ಪಾಠವಿದೆ. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಅದರ ಒಡಲನ್ನು ಎರಡು ಕಡೆಗೂ ಚೂಪಾದ ಕೊಳವೆಯಂತೆ ಮಾಡಿದ್ದರು. ಆದರೆ ಅದರ ಮೇಲೆ ಜೆನಾಟ್ಸಿ ಎದೆಯೆತ್ತರ ಹೊರಗೆ ಕಾಣುವಂತೆ ಕುಳಿತಿದ್ದನು; ಕೆಳಗೆ ನಾಲ್ಕು ಗಾಲಿಗಳೂ ಅಚ್ಚುಗಳೂ ಬಯಲಿಗೆ ತೆರೆದುಕೊಂಡಿದ್ದವು. ಒಡಲು ಉಳಿಸಿದ ಗಾಳಿಯ ತಡೆಯನ್ನು ಸವಾರನ ಎದೆಯೂ ಗಾಲಿಗಳೂ ಮತ್ತೆ ತಂದಿಟ್ಟವು. ನೋಟಕ್ಕೆ ಚೂಪಾಗಿದ್ದ ಮಾತ್ರಕ್ಕೆ ಗಾಳಿ ಒಪ್ಪುವುದಿಲ್ಲ. ಅದು ಕೇಳುವುದು ಲೆಕ್ಕವನ್ನು. ಈ ಒಂದು ಮಾತನ್ನು ಕಲಿಯಲು ಜಗತ್ತಿಗೆ ಮುಂದೆ ಅನೇಕ ವರ್ಷಗಳು ಹಿಡಿದವು. ಆ ಕಲಿಕೆಯ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ನನ್ನ ಉದ್ದೇಶ.

ಭಾಷೆ ಕಲಿಸುವ ಮೇಷ್ಟರಿಗೆ ಮೋಟಾರಿನ ಗೊಡವೆ ಏಕೆಂದು ತಾವು ಕೇಳಬಹುದು. ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ೧೯೬೩ರಲ್ಲಿಯೇ ಹುಟ್ಟಿತು. ಇಂದು ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಇಲ್ಲದ ಓಣಿ ಅಪರೂಪ. ಈ ಮಕ್ಕಳು ರಜೆಗೆ ಮನೆಗೆ ಬಂದಾಗ ತಾವೇ ಕಟ್ಟುವ ಪಂದ್ಯದ ಬಂಡಿಯ ಮಾತೆತ್ತುತ್ತಾರೆ. ಅದಕ್ಕೆ ಮುಂದೊಂದು ಹಿಂದೊಂದು ರೆಕ್ಕೆ ಬೇಕೆನ್ನುತ್ತಾರೆ. ಅದಕ್ಕಾಗಿ ಹಣವನ್ನೂ ಕೇಳುತ್ತಾರೆ. ನೆಲದ ಮೇಲೆ ಓಡುವ ಬಂಡಿಗೆ ರೆಕ್ಕೆ ಏಕೆ? ಅದು ಅಲಂಕಾರವೋ ಅವಶ್ಯಕವೋ? ಈ ಪ್ರಶ್ನೆಗೆ ಮನೆಯ ಹಿರಿಯರು ಉತ್ತರ ತಿಳಿದಿರುವುದು ಒಳ್ಳೆಯದು. ಮಕ್ಕಳು ಅದನ್ನು ಬಾಯಿಪಾಠವಾಗಿ ಅಲ್ಲದೆ ಅರ್ಥವಾಗಿ ತಿಳಿದಿರುವುದು ಇನ್ನೂ ಒಳ್ಳೆಯದು.

ಮೊದಲು ಗಾಳಿಯೆಂಬುದನ್ನೇ ವಿಚಾರಿಸೋಣ. ಅಮರಕೋಶದಲ್ಲಿ ಗಾಳಿಗೆ ಹೇಳಿದ ಹೆಸರುಗಳಲ್ಲಿ ‘ಸದಾಗತಿ’ ಎಂಬುದೊಂದು. ಯಾವಾಗಲೂ ಚಲಿಸುವುದು ಎಂದು ಅರ್ಥ. ಆದರೆ ಬಂಡಿಯ ವಿಷಯದಲ್ಲಿ ಗಾಳಿ ಚಲಿಸಲೇಬೇಕೆಂದಿಲ್ಲ. ಎಲೆ ಅಲುಗದ ಮಧ್ಯಾಹ್ನದಲ್ಲಿ ಹುನಗುಂದದಿಂದ ಇಳಕಲ್ಲಿಗೆ ಮೋಟಾರು ಸೈಕಲ್ಲಿನ ಮೇಲೆ ಹೊರಟವನ ಮುಖಕ್ಕೆ ಬಿರುಗಾಳಿ ಹೊಡೆಯುತ್ತದೆ. ಗಾಳಿ ಬಂದದ್ದಲ್ಲ, ಅವನು ಗಾಳಿಯೊಳಕ್ಕೆ ಹೋದದ್ದು. ನಿಂತ ಗಾಳಿಯೊಳಗೆ ಬಂಡಿ ನುಗ್ಗಿದರೂ, ನಿಂತ ಬಂಡಿಯ ಮೇಲೆ ಗಾಳಿಯನ್ನು ಬೀಸಿದರೂ ಫಲ ಒಂದೇ. ಈ ಸಣ್ಣ ಸತ್ಯದ ಮೇಲೆಯೇ ಗಾಳಿಸುರಂಗವೆಂಬ ಉಪಕರಣ ನಿಂತಿದೆ. ವಿಮಾನವನ್ನು ಆಕಾಶಕ್ಕೆ ಏರಿಸದೆ, ಬಂಡಿಯನ್ನು ರಸ್ತೆಗೆ ಇಳಿಸದೆ, ಒಂದು ಕೊಳವೆಯೊಳಗೆ ಕಟ್ಟಿಟ್ಟು ಗಾಳಿಯನ್ನೇ ಅದರ ಮೇಲೆ ಹಾಯಿಸಿ ಬಲವನ್ನು ಅಳೆಯುವ ಉಪಾಯವದು.

ಈ ಬಲಕ್ಕೆ ಒಂದು ನಿಯಮವಿದೆ. ವೇಗ ಎರಡು ಪಟ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ; ಆ ಬಲವನ್ನು ತಳ್ಳಿಕೊಂಡು ಹೋಗಲು ಮೋಟಾರು ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಚಕ್ಕಡಿಯ ನಡಿಗೆಯಲ್ಲಿ ಗಾಳಿ ಲೆಕ್ಕಕ್ಕೇ ಇಲ್ಲ. ಸೈಕಲ್ಲಿನಲ್ಲಿ ಅದು ಅರಿವಿಗೆ ಬರುತ್ತದೆ. ಪಂದ್ಯದ ಬಂಡಿಯಲ್ಲಿ ಅದೇ ಯಜಮಾನ. ಕಣದಲ್ಲಿ ರಾಶಿ ತೂರುವ ಒಕ್ಕಲಿಗನಿಗೆ ಇದರ ಒಂದು ಪಾಲು ಮೊದಲಿನಿಂದಲೂ ಗೊತ್ತು. ಅದೇ ಗಾಳಿಗೆ ಹೊಟ್ಟು ದೂರ ಹೋಗುತ್ತದೆ, ಜೋಳದ ಕಾಳು ಕಾಲಬುಡದಲ್ಲಿಯೇ ಬೀಳುತ್ತದೆ. ತೂಕಕ್ಕೆ ಎದುರಾಗಿ ಹರವು ಎಷ್ಟು, ಆಕಾರ ಹೇಗೆ ಎಂಬುದನ್ನು ಗಾಳಿ ತಪ್ಪದೆ ತೂಗಿ ನೋಡುತ್ತದೆ.

ಗಾಳಿ ಬಂಡಿಯ ಮೇಲೆ ಮಾಡುವ ಕೆಲಸ ಮುಖ್ಯವಾಗಿ ಎರಡು. ಒಂದು, ಹಿಂದಕ್ಕೆ ತಳ್ಳುವುದು. ಇದನ್ನು ‘ತಡೆ’ ಎನ್ನೋಣ. ಇನ್ನೊಂದು, ಮೇಲಕ್ಕೆ ಎತ್ತುವುದು ಅಥವಾ ನೆಲಕ್ಕೆ ಅದುಮುವುದು. ಅದುಮುವ ಬಲವನ್ನು ‘ಒತ್ತು’ ಎನ್ನೋಣ. ನಮ್ಮ ವ್ಯಾಕರಣದಲ್ಲಿಯೂ ಒತ್ತು ಎಂಬುದು ಅಕ್ಷರದ ಅಡಿಯಲ್ಲಿ ಕುಳಿತು ಉಚ್ಚಾರಣೆಗೆ ಬಿಗಿ ತರುತ್ತದಷ್ಟೆ. ಬಂಡಿಯ ಒತ್ತು ಗಾಲಿಗೂ ನೆಲಕ್ಕೂ ನಡುವೆ ಅಂಥದೇ ಬಿಗಿಯನ್ನು ತರುತ್ತದೆ. ತಡೆಯನ್ನು ತಗ್ಗಿಸಬೇಕೋ ಒತ್ತನ್ನು ಹೆಚ್ಚಿಸಬೇಕೋ ಎಂಬುದೇ ಇಡೀ ಶಾಸ್ತ್ರದ ತಿರುಳು. ಏಕೆಂದರೆ ಇವೆರಡೂ ಒಟ್ಟೊಟ್ಟಿಗೆ ಬರುತ್ತವೆ. ಒತ್ತನ್ನು ಕೊಡುವ ರೆಕ್ಕೆ ತಡೆಯನ್ನೂ ಕೊಟ್ಟೇ ಕೊಡುತ್ತದೆ.

ಈ ಜ್ಞಾನ ದೊಡ್ಡ ದೊಡ್ಡ ಕಾರಖಾನೆಗಳಿಂದ ಮಾತ್ರ ಬಂದದ್ದಲ್ಲ. ಅಮೆರಿಕೆಯ ರೈಟ್ ಸಹೋದರರು ಸೈಕಲ್ ಅಂಗಡಿಯವರು. ಪುಸ್ತಕದಲ್ಲಿದ್ದ ಕೋಷ್ಟಕಗಳು ತಮ್ಮ ಅನುಭವಕ್ಕೆ ಸರಿಹೊಂದದಿದ್ದಾಗ ೧೯೦೧ರಲ್ಲಿ ಅವರು ಆರು ಅಡಿ ಉದ್ದದ ಒಂದು ಮರದ ಪೆಟ್ಟಿಗೆಯನ್ನು ಮಾಡಿ, ಅದರೊಳಗೆ ಫ್ಯಾನಿನಿಂದ ಗಾಳಿ ಬೀಸಿ, ಸುಮಾರು ಇನ್ನೂರು ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಎರಡು ವರ್ಷಗಳ ಅನಂತರ ಅವರ ವಿಮಾನ ಹಾರಿತು. ೧೯೦೪ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಎಂಬ ವಿದ್ವಾಂಸನು, ಯಾವುದೇ ವಸ್ತುವಿನ ಮೈಗೆ ತಾಗಿದಂತಿರುವ ಗಾಳಿಯ ತೆಳುವಾದ ಪದರವೊಂದು ಉಳಿದ ಗಾಳಿಗಿಂತ ನಿಧಾನವಾಗಿ ಸಾಗುತ್ತದೆಂದೂ, ಆ ಪದರ ಮೈಬಿಟ್ಟು ಕಿತ್ತುಕೊಂಡಲ್ಲಿ ತಡೆ ಹೆಚ್ಚುತ್ತದೆಂದೂ ತೋರಿಸಿಕೊಟ್ಟನು. ರೆಕ್ಕೆ ಏಕೆ ಕೆಲಸ ಮಾಡುತ್ತದೆ, ಏಕೆ ಒಮ್ಮೊಮ್ಮೆ ಕೈಬಿಡುತ್ತದೆ ಎಂಬುದರ ಕೀಲಿಕೈ ಇದೇ.

ಈ ಪ್ರಾಂಟ್ಲನ ಬಳಿ ಗಟ್ಟಿಂಗನ್ ನಗರದಲ್ಲಿ ಓದಿ ಡಾಕ್ಟರ್ ಪದವಿ ಪಡೆದ ಭಾರತೀಯರೊಬ್ಬರು ನಮ್ಮ ನಾಡಿಗೆ ಬಂದರು. ಅವರು ವಿಷ್ಣು ಮಾಧವ ಘಾಟಗೆ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ತೆರೆದರು. ೧೯೪೨ರಲ್ಲಿ ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಘಾಟಗೆಯವರು ಅದರ ಮೊದಲಿನ ಮುಖ್ಯಸ್ಥರು. ಅವರ ಮುಂದಾಳುತನದಲ್ಲಿ ರೂಪುಗೊಂಡ ಎಚ್‌ಟಿ-೨ ಎಂಬ ತರಬೇತಿ ವಿಮಾನ ೧೯೫೧ರಲ್ಲಿ ಹಾರಿತು. ಅದೇ ವರ್ಷ ಸತೀಶ್ ಧವನ್ ಅವರು ಸಂಸ್ಥೆಗೆ ಬಂದು, ಶಬ್ದವನ್ನು ಮೀರಿದ ವೇಗದ ಪುಟ್ಟ ಗಾಳಿಸುರಂಗವನ್ನು ಅಲ್ಲಿಯೇ ಕಟ್ಟಿಸಿದರು. ೧೯೫೯ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂತು. ೧೯೬೭ರಲ್ಲಿ ಅದರ ೧.೨ ಮೀಟರಿನ ದೊಡ್ಡ ಸುರಂಗ ಕೆಲಸಕ್ಕೆ ತೊಡಗಿತು. ಅಂದರೆ ಗಾಳಿಯನ್ನು ಅಳೆಯುವ ವಿದ್ಯೆ ಕನ್ನಡ ನಾಡಿಗೆ ಹೊಸತಲ್ಲ. ಎಂಟು ದಶಕಗಳಿಂದ ಇಲ್ಲಿ ಬೇರೂರಿದ ವಿದ್ಯೆ ಅದು.

ವಿಮಾನದ ವಿದ್ಯೆ ಬಂಡಿಗೆ ಇಳಿದು ಬಂದ ದಾರಿಯೂ ಸ್ವಾರಸ್ಯವಾದದ್ದು. ವಿಮಾನಗಳನ್ನು ಕಟ್ಟುತ್ತಿದ್ದ ಎಡ್ಮಂಡ್ ರುಂಪ್ಲರ್ ಎಂಬಾತ ೧೯೨೧ರಲ್ಲಿ ಬರ್ಲಿನ್ನಿನಲ್ಲಿ ಹನಿಯಾಕಾರದ ಮೋಟಾರನ್ನು ಪ್ರದರ್ಶನಕ್ಕಿಟ್ಟನು. ೧೯೭೯ರಲ್ಲಿ ಅದನ್ನು ಗಾಳಿಸುರಂಗದಲ್ಲಿಟ್ಟು ಅಳೆದಾಗ ಅದರ ತಡೆಯ ಗುಣಕ ೦.೨೮ ಎಂದು ಬಂತು. ಆ ಕಾಲದ ಹೊಸ ಕಾರುಗಳೂ ನಾಚಬೇಕಾದ ಅಂಕೆ. ರುಂಪ್ಲರನ ಚಿಂತೆ ತಡೆಯದು ಮಾತ್ರ. ಒತ್ತಿನ ಚಿಂತೆ ಬಂದದ್ದು ತಡವಾಗಿ. ೧೯೫೬ರಲ್ಲಿ ಮೈಕೆಲ್ ಮೇ ಎಂಬ ಸ್ವಿಸ್ ತರುಣ ಇಂಜಿನಿಯರನು ತನ್ನ ಪೋರ್ಷೆ ಬಂಡಿಯ ಮೇಲೆ ವಿಮಾನದ ರೆಕ್ಕೆಯನ್ನು ತಲೆಕೆಳಗಾಗಿ ಕೂರಿಸಿ ನ್ಯೂರ್ಬರ್ಗ್‌ರಿಂಗಿನ ಪಂದ್ಯಕ್ಕೆ ತಂದನು. ವಿಮಾನದ ರೆಕ್ಕೆ ಮೇಲಕ್ಕೆತ್ತುವುದಾದರೆ ಬೋರಲು ಹಾಕಿದ ರೆಕ್ಕೆ ಕೆಳಕ್ಕೆ ಅದುಮಬೇಕಷ್ಟೆ! ಅಧಿಕಾರಿಗಳು ಅದನ್ನು ಒಪ್ಪದೆ ತೆಗೆಸಿಬಿಟ್ಟರು. ಹತ್ತು ವರ್ಷಗಳ ಅನಂತರ, ೧೯೬೬ರಲ್ಲಿ, ಅಮೆರಿಕೆಯ ಜಿಮ್ ಹಾಲ್ ಅವರ ಚಾಪರಲ್ ಬಂಡಿ ಎತ್ತರದ ರೆಕ್ಕೆಯೊಡನೆ ಓಡಿತು. ಆಗ ಎಲ್ಲರ ಕಣ್ಣೂ ತೆರೆಯಿತು.

ಕಣ್ಣು ತೆರೆದವರು ಲೆಕ್ಕವಿಲ್ಲದೆ ಅನುಕರಿಸತೊಡಗಿದರು. ಸಪುರವಾದ ಕಂಬಗಳ ಮೇಲೆ ಎತ್ತೆತ್ತರದ ರೆಕ್ಕೆಗಳು ಎದ್ದವು, ಓಡುವಾಗ ಮುರಿದವು. ೧೯೬೯ರ ಸ್ಪೇನಿನ ಪಂದ್ಯದಲ್ಲಿ ಒಂದೇ ತಂಡದ ಎರಡು ಬಂಡಿಗಳ ರೆಕ್ಕೆಗಳು ಮುರಿದು ಅಪಘಾತಗಳಾದ ಮೇಲೆ ಅಂಥ ಎತ್ತರದ ರೆಕ್ಕೆಗಳನ್ನು ನಿಷೇಧಿಸಲಾಯಿತು. ೧೯೭೭ರಲ್ಲಿ ಲೋಟಸ್ ತಂಡದವರು ಇನ್ನೊಂದು ದಾರಿ ಕಂಡುಕೊಂಡರು. ಬಂಡಿಯ ತಳವನ್ನೇ ರೆಕ್ಕೆಯ ಆಕಾರಕ್ಕೆ ತಂದು, ತಳಕ್ಕೂ ನೆಲಕ್ಕೂ ನಡುವಣ ಇಕ್ಕಟ್ಟಿನಲ್ಲಿ ಗಾಳಿಯನ್ನು ಹಾಯಿಸಿದರು. ಬಾದಾಮಿಯ ಬಡಗಣ ಕೋಟೆಗೆ ಹತ್ತುವಾಗ ಬಂಡೆಗಳ ಸಂದಿಯಲ್ಲಿ ಗಾಳಿ ಬಿರುಸಾಗುವಂತೆ, ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಅದರ ಒತ್ತಡ ತಗ್ಗುತ್ತದೆ. ಮೇಲಿನ ಗಾಳಿ ಬಂಡಿಯನ್ನು ನೆಲಕ್ಕೆ ಅದುಮುತ್ತದೆ. ತಡೆ ಕಡಿಮೆ, ಒತ್ತು ಹೆಚ್ಚು, ಅಗ್ಗದ ವ್ಯಾಪಾರ.

ಇನ್ನು ವಿದ್ಯಾರ್ಥಿಗಳ ಕಡೆಗೆ ಬರೋಣ. ಕಾಲೇಜಿನ ಹುಡುಗರು ತಾವೇ ಚಿಕ್ಕ ಪಂದ್ಯದ ಬಂಡಿಯನ್ನು ರಚಿಸಿ, ಕಟ್ಟಿ, ಓಡಿಸುವ ‘ಫಾರ್ಮುಲಾ ಎಸ್.ಎ.ಇ.’ ಸ್ಪರ್ಧೆ ಅಮೆರಿಕೆಯ ಟೆಕ್ಸಾಸಿನಲ್ಲಿ ೧೯೮೧ರಲ್ಲಿ ಆರಂಭವಾಯಿತು. ಇದರ ಓಟದ ದಾರಿ ತಿರುವು ಮುರುವುಗಳದ್ದು, ವೇಗ ಸಾಧಾರಣ. ಆದುದರಿಂದ ಇಷ್ಟು ಕಡಿಮೆ ವೇಗದಲ್ಲಿ ರೆಕ್ಕೆ ಕಟ್ಟುವುದು ವ್ಯರ್ಥವೆಂದು ಬಹುಕಾಲ ಅನೇಕರು ವಾದಿಸಿದರು. ಟೆಕ್ಸಾಸಿನ ಆರ್ಲಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರು ರೆಕ್ಕೆ ಕಟ್ಟಿ ತೋರಿಸಿದರು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ಇಡೀ ಬಂಡಿಯನ್ನೇ ಗಾಳಿಸುರಂಗದಲ್ಲಿಟ್ಟು ಅಳೆದು, ೨೦೦೬ರಲ್ಲಿ ಲೆಕ್ಕಸಮೇತ ಪ್ರಕಟಿಸಿದರು. ವಾದ ಅಲ್ಲಿಗೆ ಮುಗಿಯಲಿಲ್ಲವಾದರೂ, ಅದು ಬಾಯಿಮಾತಿನಿಂದ ಅಳತೆಗೆ ಬಂತು. ವಿದ್ಯೆಯಲ್ಲಿ ದೊಡ್ಡ ಹೆಜ್ಜೆಯೆಂದರೆ ಇದೇ.

ಆದರೆ ವಿದ್ಯುತ್ತಿನ ಪಂದ್ಯದ ಬಂಡಿಯನ್ನು ಕಟ್ಟಿದ ವಿದ್ಯಾರ್ಥಿಗಳ ಸಾಲಿನಲ್ಲಿ ಬೆಂಗಳೂರಿನ ತರುಣರೊಬ್ಬರು ಇದಕ್ಕೂ ಬಹಳ ಮುಂಚೆಯೇ ನಿಂತಿದ್ದರು. ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಚೇತನ್ ಮೈನಿ ಅವರು ಅಲ್ಲಿಯ ವಿದ್ಯಾರ್ಥಿಗಳು ಕಟ್ಟಿದ ‘ಸನ್‌ರನ್ನರ್’ ಎಂಬ ಸೌರ ವಿದ್ಯುತ್ ಬಂಡಿಯ ತಂಡದಲ್ಲಿದ್ದರು. ಆ ಬಂಡಿ ೧೯೯೦ರಲ್ಲಿ ಫ್ಲಾರಿಡಾದಿಂದ ಮಿಷಿಗನ್‌ವರೆಗೆ ನಡೆದ ಕಾಲೇಜುಗಳ ಪಂದ್ಯದಲ್ಲಿ ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು ೩೦೦೦ ಕಿಲೋಮೀಟರ್ ಓಟದಲ್ಲಿ ಮೂರನೆಯದಾಗಿ ಬಂತು. ಸೌರ ಬಂಡಿಗೆ ದೊರೆಯುವ ವಿದ್ಯುತ್ತು ಮನೆಯ ಇಸ್ತ್ರಿಪೆಟ್ಟಿಗೆಗೆ ಬೇಕಾಗುವಷ್ಟು ಮಾತ್ರ. ಅಷ್ಟರಲ್ಲಿ ಹೆದ್ದಾರಿಯ ಮೇಲೆ ಓಡಬೇಕಾದರೆ ಗಾಳಿಯ ತಡೆಯನ್ನು ಕೂದಲೆಳೆಯಷ್ಟೂ ಬಿಡದೆ ಕಳೆಯಬೇಕು. ೧೯೮೭ರ ಆಸ್ಟ್ರೇಲಿಯದ ಪಂದ್ಯ ಗೆದ್ದ ‘ಸನ್‌ರೇಸರ್’ ಬಂಡಿಯ ತಡೆಯ ಗುಣಕ ಕೇವಲ ೦.೧೨೫ ಆಗಿತ್ತೆಂಬುದರಿಂದ ಈ ವಿದ್ಯೆ ಎಷ್ಟು ದೂರ ಮುಟ್ಟಿತ್ತೆಂದು ಊಹಿಸಬಹುದು. ಮೈನಿಯವರು ಮುಂದೆ ತಾಯ್ನಾಡಿಗೆ ಮರಳಿ, ೨೦೦೧ರಲ್ಲಿ ಬೆಂಗಳೂರಿನಿಂದ ‘ರೇವಾ’ ಎಂಬ ವಿದ್ಯುತ್ ಕಾರನ್ನು ಬೀದಿಗಿಳಿಸಿದರು. ವಿದ್ಯಾರ್ಥಿಯ ಆಟದ ಬಂಡಿ ನಾಡಿನ ಉದ್ಯಮಕ್ಕೆ ಬೀಜವಾದದ್ದು ಹೀಗೆ.

ಸೌರ ಬಂಡಿಯವರು ಗಾಳಿಯಿಂದ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಕಲಿತರು. ಇಂದಿನ ವಿದ್ಯುತ್ ಪಂದ್ಯದ ಬಂಡಿಯವರು ಗಾಳಿಯನ್ನು ದುಡಿಸಿಕೊಳ್ಳುವ ವಿದ್ಯೆಯನ್ನೂ ಕಲಿಯಬೇಕಾಗಿದೆ. ಜರ್ಮನಿಯ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ವಿದ್ಯುತ್ ಬಂಡಿಗಳಿಗೆ ಪ್ರತ್ಯೇಕ ವಿಭಾಗ ೨೦೧೦ರಲ್ಲಿ ತೆರೆಯಿತು. ಈ ಸ್ಪರ್ಧೆಗಳಲ್ಲಿ ಒಟ್ಟು ಅಂಕ ೧೦೦೦. ೭೫ ಮೀಟರಿನ ನೇರ ಓಟ, ಎಂಟರ ಅಂಕೆಯಾಕಾರದ ಸುತ್ತು, ತಿರುವುಗಳ ಒಂದು ಸುತ್ತು, ಕೊನೆಗೆ ೨೨ ಕಿಲೋಮೀಟರಿನ ದೀರ್ಘ ಓಟ. ಮೋಟಾರಿನ ಶಕ್ತಿ ೮೦ ಕಿಲೋವಾಟ್ ಮೀರಕೂಡದು. ಬಳಸಿದ ವಿದ್ಯುತ್ತು ಎಷ್ಟೆಂಬುದಕ್ಕೂ ಅಂಕವುಂಟು. ಪೆಟ್ರೋಲಿನ ಬಂಡಿಯವನು ಗಾಳಿಯ ತಡೆಗೆ ಇನ್ನೊಂದಿಷ್ಟು ಪೆಟ್ರೋಲ್ ಸುರಿದು ಮರೆಯಬಹುದು. ಬ್ಯಾಟರಿಯ ಬಂಡಿಯವನಿಗೆ ಆ ಉದಾರತೆ ಸಲ್ಲದು. ಬ್ಯಾಟರಿ ದೊಡ್ಡದಾದರೆ ಬಂಡಿ ಭಾರವಾಗುತ್ತದೆ. ಭಾರವಾದರೆ ತಿರುವಿನಲ್ಲಿ ಹಿಂದೆ ಬೀಳುತ್ತದೆ.

ಒಂದು ಲೆಕ್ಕವನ್ನು ಇಲ್ಲಿಯೇ ಮಾಡಿ ನೋಡೋಣ. ಸವಾರನೊಡನೆ ೩೦೦ ಕಿಲೋ ತೂಗುವ ಬಂಡಿಯೊಂದಕ್ಕೆ ಎರಡು ರೆಕ್ಕೆಗಳನ್ನೂ ತಕ್ಕ ತಳವನ್ನೂ ಕೂರಿಸಿದೆವೆನ್ನಿ. ಆಕಾರದ ಗುಣಕವನ್ನು ಹರವಿನಿಂದ ಗುಣಿಸಿದಾಗ ಒತ್ತಿಗೆ ೩, ತಡೆಗೆ ೧.೨ ಚದರ ಮೀಟರ್ ಬಂತೆಂದು ಹಿಡಿಯೋಣ. ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಆ ರೆಕ್ಕೆಗಳ ಒತ್ತು ಸುಮಾರು ೧೩ ಕಿಲೋ ತೂಕದಷ್ಟು, ಲೆಕ್ಕಕ್ಕಿಲ್ಲ. ೬೦ರಲ್ಲಿ ಸುಮಾರು ೫೦ ಕಿಲೋ. ಬಂಡಿಯ ತೂಕದ ಆರನೆಯ ಒಂದು ಪಾಲು. ೯೦ರಲ್ಲಿ ಸುಮಾರು ೧೧೫ ಕಿಲೋ. ವಿಶೇಷವೇನೆಂದರೆ, ಗಾಲಿಯ ಹಿಡಿತಕ್ಕೆ ಈ ಭಾರ ಉಂಟು, ಆದರೆ ತಿರುವಿನಲ್ಲಿ ಹೊತ್ತು ತಿರುಗಿಸಬೇಕಾದ ಭಾರವಾಗಿ ಇದು ಇಲ್ಲ. ಚಕ್ಕಡಿಯಲ್ಲಿ ಕಲ್ಲು ಹೇರಿದರೆ ಹಿಡಿತದೊಡನೆ ಹೊರೆಯೂ ಬಂತು. ಗಾಳಿ ಹೇರಿದ ಹೊರೆಗೆ ಹೊರುವ ಕಷ್ಟವಿಲ್ಲ.

ಬೆಲೆ ಮಾತ್ರ ಉಂಟು. ೨೨ ಕಿಲೋಮೀಟರಿನ ಓಟವನ್ನು ಗಂಟೆಗೆ ೫೪ ಕಿಲೋಮೀಟರ್ ವೇಗದಲ್ಲಿ ಓಡಿದರೆ ಇದೇ ಬಂಡಿ ಗಾಳಿಯ ತಡೆಗೆಂದೇ ಸುಮಾರು ಒಂದು ಯೂನಿಟ್ ವಿದ್ಯುತ್ತನ್ನು ತೆರಬೇಕಾಗುತ್ತದೆ. ಇಂಥ ಬಂಡಿಗಳ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಇರುವುದೇ ಆರೇಳು ಯೂನಿಟ್. ಆ ಯೂನಿಟ್ಟಿನ ಒಂದು ಭಾಗ ರೆಕ್ಕೆಯಿಲ್ಲದಿದ್ದರೂ ಹೋಗುತ್ತಿತ್ತು. ಉಳಿದದ್ದು ರೆಕ್ಕೆಯ ಬಾಡಿಗೆ. ತಿರುವಿನಲ್ಲಿ ಗಳಿಸಿದ ಕ್ಷಣಗಳು ಈ ಬಾಡಿಗೆಯನ್ನೂ ರೆಕ್ಕೆಯ ತೂಕವನ್ನೂ ತೀರಿಸಿ ಮಿಕ್ಕಿದರೆ ರೆಕ್ಕೆ ಲಾಭ; ಇಲ್ಲವಾದರೆ ಅದು ಕೇವಲ ಶೃಂಗಾರ. ಮಕ್ಕಳು ರೆಕ್ಕೆಗೆ ಹಣ ಕೇಳಿದಾಗ ಹಿರಿಯರು ಕೇಳಬೇಕಾದ ಪ್ರಶ್ನೆ ಇದೊಂದೇ: ಈ ಲೆಕ್ಕ ಮಾಡಿದಿರಾ?

ಲೆಕ್ಕಕ್ಕೆ ನಮ್ಮ ಸೀಮೆಯ ವಿಶೇಷವನ್ನೂ ಸೇರಿಸಬೇಕು. ಪುಸ್ತಕದ ಗಾಳಿ ಸಮುದ್ರಮಟ್ಟದ ತಂಪು ಗಾಳಿ, ಘನಮೀಟರಿಗೆ ೧.೨೨೫ ಕಿಲೋ ತೂಗುತ್ತದೆ. ಬಾಗಲಕೋಟೆ ಸಮುದ್ರಮಟ್ಟದಿಂದ ೫೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಏಪ್ರಿಲಿನ ಮಧ್ಯಾಹ್ನದಲ್ಲಿ ಉಷ್ಣತೆ ೪೦ ಡಿಗ್ರಿ ಮುಟ್ಟಿದಾಗ ಇಲ್ಲಿಯ ಗಾಳಿ ಘನಮೀಟರಿಗೆ ಸುಮಾರು ೧.೦೫ ಕಿಲೋ ಮಾತ್ರ. ಎಂದರೆ ಅದೇ ರೆಕ್ಕೆ ಏಳನೆಯ ಒಂದು ಪಾಲಿನಷ್ಟು ಕಡಿಮೆ ಒತ್ತನ್ನು ಕೊಡುತ್ತದೆ. ತಡೆಯೂ ಅಷ್ಟೇ ತಗ್ಗುತ್ತದೆ, ನಿಜ. ಆದರೆ ಬ್ಯಾಟರಿಯನ್ನೂ ಮೋಟಾರನ್ನೂ ತಂಪಾಗಿಡಲು ಒಳಗೆ ಬಿಡಬೇಕಾದ ಗಾಳಿಯ ಬಾಯಿಯನ್ನು ಹಿಗ್ಗಿಸಬೇಕಾಗುತ್ತದೆ. ಯುರೋಪಿನ ತಂಡದ ಚಿತ್ರವನ್ನು ನೋಡಿ ಹಾಗೆಯೇ ಇಳಿಸಿಕೊಂಡವರು ಇಲ್ಲಿ ಸೋಲುತ್ತಾರೆ. ಆಕಾರವನ್ನು ಎರವಲು ತರಬಹುದು. ಗಾಳಿಯನ್ನು ಎರವಲು ತರಲಾಗದು.

ರೆಕ್ಕೆಯನ್ನು ರಚಿಸುವ ಕ್ರಮವನ್ನೂ ಸ್ಥೂಲವಾಗಿ ಹೇಳಿಬಿಡುತ್ತೇನೆ. ಮೊದಲು ಸ್ಪರ್ಧೆಯ ನಿಯಮಗಳು ಎಷ್ಟು ಉದ್ದಗಲ ಎತ್ತರಗಳನ್ನು ಒಪ್ಪುತ್ತವೆಂದು ನೋಡುವುದು. ಅನಂತರ ಮುಂದಿನ ರೆಕ್ಕೆ, ತಳ, ಹಿಂದಿನ ರೆಕ್ಕೆ ಇವುಗಳ ನಡುವೆ ಒತ್ತನ್ನು ಹಂಚುವುದು. ಮುಂದೆ ಹೆಚ್ಚಾದರೆ ಬಂಡಿಯ ಹಿಂಭಾಗ ಜಾರುತ್ತದೆ. ಹಿಂದೆ ಹೆಚ್ಚಾದರೆ ತಿರುಗಿಸಿದರೂ ಬಂಡಿ ನೇರ ಹೋಗುತ್ತದೆ. ನೊಗದ ಎರಡು ಕಡೆಯ ಎತ್ತುಗಳಂತೆ ಎರಡೂ ಸಮನಾಗಿ ಎಳೆಯಬೇಕು. ಆಮೇಲೆ ಗಣಕಯಂತ್ರದಲ್ಲಿ ಗಾಳಿಯ ಹರಿವನ್ನು ಲೆಕ್ಕಹಾಕುವುದು. ಇದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ‘ಓಪನ್‌ಫೋಮ್’ ಎಂಬುದು ೨೦೦೪ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಕೊನೆಗೆ ಕಾರ್ಬನ್ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ ರೆಕ್ಕೆಯನ್ನು ತಯಾರಿಸುವುದು. ಈ ಬಟ್ಟೆಗೂ ಹಾಸು ಹೊಕ್ಕುಗಳುಂಟು. ಎಳೆ ಎತ್ತ ಓಡುತ್ತದೆಯೋ ಬಲ ಅತ್ತ. ಇಳಕಲ್ಲಿನ ಮಗ್ಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಕ್ಕೆ ನಿಂತರೆ ಕೆಲಸ ಅರ್ಧ. ಲೆಕ್ಕ ನಿಜವೋ ಎಂದು ನೋಡಬೇಕು. ಅದಕ್ಕೆ ಕೋಟಿಗಟ್ಟಲೆಯ ಸುರಂಗವೇ ಬೇಕೆಂದಿಲ್ಲ. ಐಹೊಳೆ ಬಾದಾಮಿಗಳ ಗುಡಿಗಳಲ್ಲಿ ಹಾರುವ ಗಂಧರ್ವ ಮಿಥುನಗಳನ್ನು ತಾವು ನೋಡಿದ್ದೀರಿ. ಚಲಿಸದ ಕಲ್ಲಿನಲ್ಲಿ ಚಲನೆಯನ್ನು ತೋರಿಸಲು ಚಾಲುಕ್ಯರ ಶಿಲ್ಪಿ ಮಾಡಿದ ಉಪಾಯವೇನು? ಉತ್ತರೀಯದ ಅಂಚನ್ನು ಹಿಂದಕ್ಕೆ ಹಾರಿಸಿದನು. ಕಾಣದ ಗಾಳಿಯನ್ನು ಕಾಣಿಸುವುದು ಬಟ್ಟೆ. ಇಂದಿನ ಇಂಜಿನಿಯರರೂ ಮಾಡುವುದು ಅದನ್ನೇ. ರೆಕ್ಕೆಯ ಮೈಮೇಲೆ ಬೆರಳುದ್ದದ ಉಣ್ಣೆಯ ಎಳೆಗಳನ್ನು ಸಾಲಾಗಿ ಅಂಟಿಸಿ ಬಂಡಿಯನ್ನು ಓಡಿಸುತ್ತಾರೆ. ಪಕ್ಕದಿಂದ ಚಿತ್ರ ತೆಗೆಯುತ್ತಾರೆ. ಎಳೆಗಳು ನೆಟ್ಟಗೆ ಮಲಗಿದ್ದರೆ ಗಾಳಿ ಮೈಗೆ ಹತ್ತಿಕೊಂಡು ಸಾಗುತ್ತಿದೆ. ಎದ್ದು ಕುಣಿದರೆ ಪ್ರಾಂಟ್ಲ್ ಹೇಳಿದ ಪದರ ಅಲ್ಲಿ ಕಿತ್ತುಕೊಂಡಿದೆ, ರೆಕ್ಕೆ ಅಲ್ಲಿ ಸತ್ತಿದೆ. ಮೋಟಾರನ್ನು ನಿಲ್ಲಿಸಿ ಬಂಡಿಯನ್ನು ತಾನಾಗಿ ಉರುಳಲು ಬಿಟ್ಟು, ವೇಗ ಎಷ್ಟು ಬೇಗ ಇಳಿಯುತ್ತದೆಂದು ಅಳೆದರೆ ತಡೆ ತಿಳಿಯುತ್ತದೆ. ಓಟದಲ್ಲಿ ಸ್ಪ್ರಿಂಗುಗಳು ಎಷ್ಟು ಕುಗ್ಗಿದವೆಂದು ಅಳೆದರೆ ಒತ್ತು ತಿಳಿಯುತ್ತದೆ. ದಾರ, ಗಡಿಯಾರ, ಅಳತೆಪಟ್ಟಿ, ಒಂದು ಖಾಲಿ ಬಯಲು: ಬಡ ಕಾಲೇಜಿಗೂ ಇವು ಎಟುಕದವಲ್ಲ.

ಈ ವಿದ್ಯೆ ಎಲ್ಲಿಯವರೆಗೆ ಬಂದಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. ಸ್ವಿಟ್ಜರ್ಲೆಂಡಿನ ಜೂರಿಚ್ ಹಾಗೂ ಲುಝೆರ್ನ್ ನಗರಗಳ ವಿದ್ಯಾರ್ಥಿಗಳು ಕಟ್ಟಿದ ‘ಮಿಥೆನ್’ ಎಂಬ ವಿದ್ಯುತ್ ಬಂಡಿ ೨೦೨೩ರ ಸೆಪ್ಟೆಂಬರಿನಲ್ಲಿ ನಿಂತಲ್ಲಿಂದ ಹೊರಟು ೦.೯೫೬ ಸೆಕೆಂಡಿನಲ್ಲಿ, ೧೨.೩ ಮೀಟರ್ ದೂರದೊಳಗೆ, ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮುಟ್ಟಿತು. ಬಂಡಿಯ ತೂಕ ಸುಮಾರು ೧೪೦ ಕಿಲೋ. ನಿಂತ ಬಂಡಿಗೆ ರೆಕ್ಕೆಯಿಂದ ಒತ್ತು ದೊರೆಯದೆಂಬುದನ್ನು ಮೇಲೆ ನೋಡಿದೆವಷ್ಟೆ. ಆ ಹುಡುಗರು ಬಂಡಿಯ ತಳದಿಂದ ಗಾಳಿಯನ್ನು ಹೀರಿ ತೆಗೆಯುವ ಯಂತ್ರವನ್ನು ಅಳವಡಿಸಿ, ವೇಗವಿಲ್ಲದಾಗಲೂ ಬಂಡಿ ನೆಲಕ್ಕೆ ಕಚ್ಚಿಕೊಳ್ಳುವಂತೆ ಮಾಡಿದರು. ಈ ಯುಕ್ತಿ ೧೯೭೦ರಲ್ಲಿ ಚಾಪರಲ್ ಬಂಡಿಯಲ್ಲಿಯೇ ಕಂಡು, ಪಂದ್ಯಗಳಿಂದ ನಿಷೇಧಗೊಂಡು, ಮೂಲೆ ಸೇರಿತ್ತು. ಚರಿತ್ರೆ ಓದಿದವರಿಗೆ ಹಳೆಯ ಯುಕ್ತಿ ಹೊಸ ಸಾಧನವಾಗುತ್ತದೆ. ೧೮೯೯ರಲ್ಲಿ ಜೆನಾಟ್ಸಿ ಮುಟ್ಟಿದ ಅದೇ ನೂರು ಕಿಲೋಮೀಟರ್ ವೇಗವನ್ನು, ಅದೇ ವಿದ್ಯುತ್ತಿನಿಂದ, ವಿದ್ಯಾರ್ಥಿಗಳು ಒಂದು ಸೆಕೆಂಡಿನೊಳಗೆ ಮುಟ್ಟಿದರೆಂದರೆ ನಡುವಣ ಶತಮಾನದ ದುಡಿಮೆ ಎಂಥದೆಂದು ತಿಳಿಯುತ್ತದೆ.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ’ ತಂಡ, ಮಣಿಪಾಲದ ‘ಫಾರ್ಮುಲಾ ಮಣಿಪಾಲ್’ ತಂಡ ಇವುಗಳ ವಿದ್ಯಾರ್ಥಿಗಳು ವರ್ಷ ವರ್ಷವೂ ಬಂಡಿ ಕಟ್ಟಿ ದೇಶದೊಳಗೂ ಹೊರಗೂ ಸ್ಪರ್ಧಿಸಿದ್ದಾರೆ. ಕೊಯಮತ್ತೂರಿನ ಕರಿ ಪಂದ್ಯದ ಅಂಗಳದಲ್ಲಿ ನಡೆಯುತ್ತ ಬಂದ ‘ಫಾರ್ಮುಲಾ ಭಾರತ್’ ಸ್ಪರ್ಧೆಯಲ್ಲಿ ವಿದ್ಯುತ್ ಬಂಡಿಗಳಿಗೂ ಸ್ಥಾನವುಂಟು. ದೊಡ್ಡ ಪಟ್ಟಣದ ಮಕ್ಕಳಿಗೆ ಸುರಂಗ ಹತ್ತಿರ, ಕಾರಖಾನೆ ಹತ್ತಿರ, ಕೇಳಿ ತಿಳಿಯುವ ಹಿರಿಯರೂ ಹತ್ತಿರ. ಮಲಪ್ರಭೆ ಘಟಪ್ರಭೆಗಳ ಸೀಮೆಯ ಮಕ್ಕಳಿಗೆ ಆ ಅನುಕ್ಷೇತ್ರ ದೂರ. ಆದರೆ ಗಾಳಿ ಎಲ್ಲರಿಗೂ ಸಮನಾಗಿ ಹತ್ತಿರವಿದೆ. ರೈಟ್ ಸಹೋದರರ ಊರಾದ ಡೇಟನ್ನಿನಲ್ಲಿಯೂ ಆಗ ಯಾವ ಗಾಳಿಸುರಂಗವೂ ಇರಲಿಲ್ಲ. ಅವರ ಮರದ ಪೆಟ್ಟಿಗೆಯೇ ಇತ್ತು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟು. ತಮ್ಮ ಮನೆಯ ಮಕ್ಕಳು ಇಂಥ ಕೆಲಸಕ್ಕೆ ಕೈಹಾಕಿದಾಗ ಅದನ್ನು ಹುಡುಗಾಟವೆಂದು ತಳ್ಳಬೇಡಿ. ಹಾಗೆಂದು ರೆಕ್ಕೆಯ ಹೊಳಪಿಗೆ ಮಾರುಹೋಗಲೂ ಬೇಡಿ. ಏನನ್ನು ಅಳೆದಿರಿ, ಅಳತೆ ಲೆಕ್ಕಕ್ಕೆ ಹೊಂದಿತೇ, ಹೊಂದದಿದ್ದರೆ ಏಕೆ ಎಂದು ಕೇಳಿ. ಪಂದ್ಯದಲ್ಲಿ ಬಂಡಿ ಗೆಲ್ಲಬಹುದು, ಗೆಲ್ಲದಿರಬಹುದು. ಆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಹುಡುಗ ಹುಡುಗಿಯರು ನಾಳೆ ಬಸ್ಸನ್ನೋ, ಗಾಳಿಯಂತ್ರವನ್ನೋ, ಒಕ್ಕಲಿಗನಿಗೆ ಬೇಕಾದ ತೂರುವ ಯಂತ್ರವನ್ನೋ ಇದೇ ಗಾಳಿಗೆ, ಇದೇ ಬಿಸಿಲಿಗೆ ಹೊಂದುವಂತೆ ಕಟ್ಟಬಲ್ಲರು. ಎರವಲು ಆಕಾರಗಳನ್ನು ಕೊಂಡು ತರುವ ನಾಡಾಗಿಯೇ ಉಳಿಯುತ್ತೇವೋ, ನಮ್ಮ ಗಾಳಿಯನ್ನು ನಾವೇ ಅಳೆಯುವ ನಾಡಾಗುತ್ತೇವೋ ಎಂಬುದು ಇಂಥ ಚಿಕ್ಕ ಬಂಡಿಗಳ ಸುತ್ತ, ಉಣ್ಣೆಯ ಎಳೆಗಳನ್ನು ಅಂಟಿಸುತ್ತ ಕುಳಿತ ಮಕ್ಕಳ ಕೈಯಲ್ಲಿದೆ.